ಹೊಸ ಆಲ್ಬಂ ಕೇಳಿ ಬರೆಯುವುದು: ಹಾಡು ಕಟ್ಟುವವರಿಗೊಂದು ಕೈಪಿಡಿ

ದಾವಣಗೆರೆ, ಚಿತ್ರದುರ್ಗದಂಥ ಊರುಗಳಲ್ಲಿ ಹಾಡು ಬರೆದು, ತಾವೇ ರಾಗ ಹಾಕಿ, ತಾವೇ ಹಾಡಿ ಬಿಡುಗಡೆ ಮಾಡುವವರೆಲ್ಲ ಹೆಚ್ಚುಕಮ್ಮಿ ಒಬ್ಬರಿಗೊಬ್ಬರು ಗೊತ್ತಿರುವವರೇ. ಒಬ್ಬರ ಆಲ್ಬಂ ಬಂದರೆ ಇನ್ನೊಬ್ಬರು ಲಿಂಕ್ ಹಂಚುತ್ತಾರೆ, ‘ಸೂಪರ್ ಅಣ್ಣ, ಬೆಂಕಿ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಕೂತು ಎಂಟು ಹಾಡು ಮಾಡಿದವರಿಗೆ ಆ ಮಾತಿನಿಂದ ಕಲಿಯಲು ಏನೂ ಇರುವುದಿಲ್ಲ. ಕೇಳುಗರಿಗೂ ಯಾವ ಹಾಡಿನಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಹಾಡು ಕಟ್ಟುವವರೇ ವಿಮರ್ಶೆ ಬರೆದರೆ ಅದಕ್ಕೆ ಬೇರೆ ತೂಕ ಇರುತ್ತದೆ. ಹಾಡಿನೊಳಗೆ ಏನು ನಡೆದಿದೆ, ಎಲ್ಲಿ ನಡೆದಿದೆ ಎಂದು ನಿಮಿಷ-ಸೆಕೆಂಡಿನ ಸಮೇತ ಅವರು ತೋರಿಸಬಲ್ಲರು. ಹಾಗೆ ತೋರಿಸಿದ ಮಾತು ಕಟುವಾಗಿದ್ದರೂ ಸ್ನೇಹ ಕೆಡುವುದು ಕಡಿಮೆ. ಆಧಾರ ಕೊಡದ ಮಾತಿಗೇ ಜನ ಮುನಿಸಿಕೊಳ್ಳುವುದು ಜಾಸ್ತಿ.

ಕೇಳುವ ಮೊದಲು ಫೋನ್ ಸರಿಮಾಡಿ

ತಪ್ಪು ವಿಮರ್ಶೆಗಳಲ್ಲಿ ಒಂದು ಪಾಲು ಹುಟ್ಟುವುದೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ. ಶಫಲ್ ಆರಿಸಿ. ಆಟೋಪ್ಲೇ ಆರಿಸಿ, ಇಲ್ಲವಾದರೆ ಕೊನೆಯ ಹಾಡು ಮುಗಿದ ಕೂಡಲೇ ಬೇರೆ ಯಾರದೋ ಹಾಡು ಬಂದು ಆಲ್ಬಂ ಹೇಗೆ ಮುಗಿಯಿತು ಎಂಬುದೇ ಮನಸ್ಸಿಗೆ ಇಳಿಯುವುದಿಲ್ಲ. ಕ್ರಾಸ್‌ಫೇಡ್ ಸೊನ್ನೆಗೆ ತನ್ನಿ. ಅದು ಆನ್ ಆಗಿದ್ದರೆ ಒಂದು ಹಾಡಿನ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಕಲಾವಿದರು ಬೇಕೆಂದೇ ಬಿಟ್ಟ ಎರಡು ಸೆಕೆಂಡಿನ ಮೌನ ಕಾಣೆಯಾಗುತ್ತದೆ. ಆಪ್‌ನ ಈಕ್ವಲೈಸರ್ ಜೊತೆಗೆ ಫೋನ್ ಕಂಪನಿಯವರು ಹಾಕಿರುವ ಡಾಲ್ಬಿ, ಬಾಸ್ ಬೂಸ್ಟ್ ಮೊದಲಾದವನ್ನೂ ಆರಿಸಬೇಕು. ಇವು ಬೇರೆ ಬೇರೆ ಕಡೆ ಇರುತ್ತವೆ, ಒಂದನ್ನು ಆರಿಸಿ ಇನ್ನೊಂದನ್ನು ಮರೆಯುವುದು ಸಾಮಾನ್ಯ.

ಆಡಿಯೊ ಗುಣಮಟ್ಟವನ್ನು ‘ಆಟೋಮ್ಯಾಟಿಕ್’ನಲ್ಲಿ ಬಿಡಬೇಡಿ. ನೆಟ್‌ವರ್ಕ್ ಸೊರಗಿದ ಕಡೆ ಅದು ಸದ್ದಿಲ್ಲದೆ ಕೆಳಗಿಳಿಯುತ್ತದೆ. ಆಗ ಸಿಂಬಲ್, ತಾಳದ ಸದ್ದು ನೀರಿನಲ್ಲಿ ಅದ್ದಿದ ಹಾಗೆ ಕೇಳಿಸುತ್ತದೆ, ನೀವು ದನಿ-ವಾದ್ಯಗಳ ಬೆರಕೆಯನ್ನೇ ದೂರಿ ‘ಮಿಕ್ಸಿಂಗ್ ಚೆನ್ನಾಗಿಲ್ಲ’ ಎಂದು ಬರೆದುಬಿಡುತ್ತೀರಿ. ಇರುವ ಅತಿ ಹೆಚ್ಚಿನ ಗುಣಮಟ್ಟ ಆರಿಸಿ, ವೈಫೈನಲ್ಲಿ ಇಡೀ ಆಲ್ಬಂ ಡೌನ್‌ಲೋಡ್ ಮಾಡಿಕೊಂಡು ಕೇಳಿ. ಕಲಾವಿದರೇ ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಆಲ್ಬಂ ಇದ್ದರೆ ಕೊಂಡುಕೊಳ್ಳಿ. ಫ್ಲ್ಯಾಕ್, ಅಂದರೆ ಗುಣಮಟ್ಟ ಕಳೆಯದ ಆಡಿಯೊ ಕಡತ ಸಿಗುತ್ತದೆ, ಅವರ ಕೈಗೂ ನಾಲ್ಕು ಕಾಸು ಸೇರುತ್ತದೆ. ಪುಕ್ಕಟೆ ಕೇಳಿ ತಪ್ಪು ಎಣಿಸುವುದಕ್ಕಿಂತ ಕೊಂಡು ಕೇಳಿ ಎಣಿಸುವುದು ಲೇಸು.

ಹೆಡ್‌ಫೋನ್ ವೈರ್ ಇರುವುದಾಗಿರಲಿ. ಬ್ಲೂಟೂತ್‌ನಲ್ಲಿ ಮೊದಲೇ ಕುಗ್ಗಿಸಿದ ಸದ್ದು ಮತ್ತೊಮ್ಮೆ ಕುಗ್ಗುತ್ತದೆ. ಫೋನಿಗೆ ಜ್ಯಾಕ್ ಇಲ್ಲದಿದ್ದರೆ ಟೈಪ್-ಸಿ ಡಾಂಗಲ್ ಸಾಕು. ದಾವಣಗೆರೆಯ ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ ಕೂರುವುದು ಆಗದ ಮಾತು, ಫ್ಯಾನ್ ಹಾಕಿದರೆ ಹಾಡಿನ ಮೆಲು ಭಾಗಗಳು ಮುಚ್ಚಿಹೋಗುತ್ತವೆ. ಅದಕ್ಕೆ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಒಳ್ಳೆಯದು. ಬೆಳಗಿನ ಐದರಿಂದ ಆರೂವರೆ ಕೇಳಲು ಒಳ್ಳೆಯ ಹೊತ್ತು. ದುಗ್ಗಮ್ಮನ ಜಾತ್ರೆ, ಗಣೇಶನ ಹಬ್ಬದ ದಿನಗಳಲ್ಲಿ ಸಂಜೆ ಕೇಳುವ ಯೋಚನೆಯನ್ನೇ ಬಿಡಿ. ಆರ್ಕೆಸ್ಟ್ರಾದಲ್ಲಿ ಹಾಡಿ ಬಂದ ರಾತ್ರಿ ಅಥವಾ ಡಿಜೆ ಮೆರವಣಿಗೆಯಲ್ಲಿ ಸಾಗಿ ಬಂದ ಮೇಲೆ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ, ಮೇಲಿನ ಕಂಪನಾಂಕಗಳು ಸರಿಯಾಗಿ ಕೇಳುವುದಿಲ್ಲ. ಒಂದು ದಿನ ಬಿಟ್ಟು ಕೇಳಿ.

ಐದು ಸಲ, ಐದು ಬಗೆಯಲ್ಲಿ

ಒಂದೇ ದಿನ ಐದು ಸಲ ಕೇಳಿದರೆ ಕಿವಿ ಒಗ್ಗಿಹೋಗಿ ಎಲ್ಲವೂ ಸರಿ ಅನಿಸತೊಡಗುತ್ತದೆ. ಐದಾರು ದಿನಕ್ಕೆ ಹರಡಿಕೊಳ್ಳಿ.

ಮೊದಲ ಸಲ ಪೆನ್ನು ಮುಟ್ಟಬೇಡಿ. ಒಂದನೇ ಹಾಡಿನಿಂದ ಕೊನೆಯವರೆಗೆ, ಮಧ್ಯೆ ಫೋನ್ ನೋಡದೆ ಕೇಳಿ. ಮುಗಿದ ಮೇಲೆ ನೆನಪಿನಲ್ಲಿ ಉಳಿದದ್ದನ್ನು ಮೂರು ಸಾಲು ಬರೆಯಿರಿ: ಯಾವ ಸಾಲು ಬಾಯಲ್ಲಿ ಉಳಿಯಿತು, ಎಲ್ಲಿ ಗಮನ ಜಾರಿತು, ಯಾವ ಎರಡು ಹಾಡು ಒಂದೇ ಥರ ಅನಿಸಿದವು. ಆಮೇಲೆ ಎಷ್ಟು ಕೇಳಿದರೂ ಈ ಮೊದಲ ಕೇಳುವಿಕೆ ಮತ್ತೆ ಸಿಗುವುದಿಲ್ಲ, ಓದುಗರೂ ಆಲ್ಬಂ ಕೇಳುವುದು ಹೀಗೆಯೇ. ಹಾಗಾಗಿ ಈ ಮೂರು ಸಾಲನ್ನು ಜೋಪಾನ ಮಾಡಿ.

ಎರಡನೇ ಸಲ ಹೆಡ್‌ಫೋನ್ ಹಾಕಿ, ಹಾಡಿಗೆ ಅರ್ಧ ಪುಟದಂತೆ ಟಿಪ್ಪಣಿ ಮಾಡಿ. ಪ್ರತಿ ಟಿಪ್ಪಣಿಯ ಹಿಂದೆ ಸಮಯ ಇರಲೇಬೇಕು: ‘1:42 ಗಿಟಾರ್ ನಿಂತು ದನಿ ಒಂದೇ ಉಳಿಯುತ್ತದೆ’, ‘2:10 ಕೋರಸ್ ಮೂರನೇ ಸಲ, ಹೊಸದೇನೂ ಸೇರಿಲ್ಲ’. ಸಮಯವಿಲ್ಲದ ಟಿಪ್ಪಣಿ ಬರೆಯುವ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ.

ಮೂರನೇ ಸಲ ಜನ ಕೇಳುವ ಹಾಗೆ ಕೇಳಿ: ಫೋನ್ ಸ್ಪೀಕರ್, ಕಾರು, ಬಸ್ಸು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್, 40 ನಿಮಿಷದ ಒಂದು ಆಲ್ಬಂ ಆರಾಮಾಗಿ ಮುಗಿಯುವ ಪ್ರಯಾಣ. ಆದರೆ ಬಸ್ಸಿನಲ್ಲಿ ಕೇಳಿ ಬಾಸ್ ಬಗ್ಗೆ ಬರೆಯಬೇಡಿ. ಎಂಜಿನ್ನಿನ ಗುಡುಗುಡು ಅದೇ ತಗ್ಗು ಕಂಪನಾಂಕಗಳಲ್ಲಿದ್ದು ಬಾಸನ್ನು ಮುಚ್ಚುತ್ತದೆ. ಫೋನ್ ಸ್ಪೀಕರ್‌ನಲ್ಲಂತೂ ಆಳದ ಸದ್ದು ಬರುವುದೇ ಇಲ್ಲ. ಇಲ್ಲಿ ನೋಡಬೇಕಾದ್ದು ಒಂದೇ, ಮಾತು ತಿಳಿಯುತ್ತದೆಯೇ ಎಂಬುದು.

ನಾಲ್ಕನೇ ಸಲ ಸಾಹಿತ್ಯಕ್ಕೆ, ಐದನೇ ಸಲ ವಾದ್ಯ ಹಿಡಿದು. ಐದನೆಯದರಲ್ಲಿ ತಂಬೂರಿ ಆಪ್ ಇಟ್ಟುಕೊಂಡು ಶ್ರುತಿ ಹುಡುಕಿ, ಗಿಟಾರ್ ಅಥವಾ ಹಾರ್ಮೋನಿಯಂನಲ್ಲಿ ಚಲನೆ ನುಡಿಸಿ ನೋಡಿ, ನಡೆಯ ವೇಗ ಗುರುತಿಸಿ. ಎಂಟು ಹಾಡಿನಲ್ಲಿ ಆರು ಒಂದೇ ಶ್ರುತಿ, ಒಂದೇ ವೇಗದಲ್ಲಿದ್ದರೆ ಮೊದಲ ದಿನ ನಿಮ್ಮ ಗಮನ ಜಾರಿದ್ದಕ್ಕೆ ಕಾರಣ ಅಲ್ಲೇ ಇರಬಹುದು. ಅದನ್ನು ಬರೆಯಿರಿ. ಆದರೆ ಪ್ರತಿ ಹಾಡಿನ ಶ್ರುತಿ, ವೇಗಗಳನ್ನು ಪಟ್ಟಿ ಮಾಡಿ ಓದುಗರ ಮುಂದೆ ಸುರಿಯಬೇಡಿ. ಯಾವುದಾದರೂ ಒಂದು ಅಂಕಿ ನಿಮ್ಮ ಮಾತನ್ನು ಗಟ್ಟಿ ಮಾಡಿದರೆ ಮಾತ್ರ ಬಳಸಿ.

ಎರಡು ಆಲ್ಬಂ ಹೋಲಿಸುವಾಗ ಸದ್ದಿನ ಮಟ್ಟ ಸರಿಸಮ ಮಾಡುವುದನ್ನು ಬಿಡಬೇಡಿ. ಸ್ವಲ್ಪ ಜೋರಾಗಿರುವುದು ಕಿವಿಗೆ ಯಾವಾಗಲೂ ಚೆಂದ ಕೇಳಿಸುತ್ತದೆ, ಒಂದೆರಡು ಡೆಸಿಬೆಲ್ ವ್ಯತ್ಯಾಸವೇ ಸಾಕು. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಕೇಳಿಸುತ್ತದೆ ಎಂದು ಅಳೆಯುವ ಮಾನ) ಮಟ್ಟದ ಹತ್ತಿರಕ್ಕೆ ತರುತ್ತದೆ. ಆಲ್ಬಂ ಅನುಕ್ರಮದಲ್ಲಿ ನುಡಿಸಿದಾಗ ಇಡೀ ಆಲ್ಬಂಗೆ ಒಂದೇ ಹೊಂದಾಣಿಕೆ ಮಾಡುತ್ತದೆ, ಪ್ಲೇಲಿಸ್ಟ್‌ನಲ್ಲಿ ಒಂದೊಂದು ಹಾಡಿಗೂ ಬೇರೆ ಬೇರೆ. ಹಾಗಾಗಿ ‘ಐದನೇ ಹಾಡು ಯಾಕೋ ಮೆಲ್ಲಗಿದೆ’ ಎಂದು ಬರೆಯುವ ಮುನ್ನ ಆಲ್ಬಂ ಕ್ರಮದಲ್ಲೇ ಕೇಳಿದ್ದೀರಾ ಎಂದು ನೋಡಿಕೊಳ್ಳಿ. ಆ ಕ್ರಮದಲ್ಲೂ ಮೆಲ್ಲಗಿದ್ದರೆ ಅದು ಬಹುಪಾಲು ಕಲಾವಿದರ ಆಯ್ಕೆ. ಆಗ ಕೇಳಬೇಕಾದ ಪ್ರಶ್ನೆ ಆ ಆಯ್ಕೆ ಹಾಡಿಗೆ ಒದಗಿತೇ ಎಂಬುದು.

ಸಾಹಿತ್ಯ: ಮಾತ್ರೆ ಎಣಿಸಿ, ಆಮೇಲೆ ಭಾವ

ಕನ್ನಡದಲ್ಲಿ ತಾವೇ ಬರೆದು ತಾವೇ ಹಾಡುವವರ ಆಲ್ಬಂಗಳಲ್ಲಿ ಗೆಲುವು-ಸೋಲು ಹೆಚ್ಚಾಗಿ ತೀರ್ಮಾನವಾಗುವುದು ಮಾತು ಮತ್ತು ತಾಳ ಕೂಡುವ ಜಾಗದಲ್ಲಿ. ಇದರ ಬಗ್ಗೆ ಬರೆಯುವವರು ಕಡಿಮೆ, ಹಾಗಾಗಿ ಹಾಡು ಕಟ್ಟುವ ನಿಮ್ಮಿಂದ ಅತಿ ಹೆಚ್ಚು ಉಪಯೋಗವಾಗುವುದು ಇಲ್ಲೇ.

ಮೊದಲು ಸಾಹಿತ್ಯವನ್ನು ಕಿವಿಯಿಂದ ಕೇಳಿ ಬರೆದುಕೊಳ್ಳಿ, ಮುದ್ರಿತ ಸಾಹಿತ್ಯ ನೋಡಬೇಡಿ. ತಿಳಿಯದ ಪದದ ಜಾಗದಲ್ಲಿ ಗೆರೆ ಎಳೆದು ಸಮಯ ಹಾಕಿ. ಆಮೇಲೆ ಕಲಾವಿದರು ಕೊಟ್ಟಿರುವ ಸಾಹಿತ್ಯದ ಜೊತೆ ತಾಳೆ ನೋಡಿ. ಎಲ್ಲೆಲ್ಲಿ ನೀವು ತಪ್ಪು ಕೇಳಿದ್ದೀರೋ ಅವೆಲ್ಲ ಒಂದೇ ಕಡೆ, ಉದಾಹರಣೆಗೆ ಪಲ್ಲವಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಸೇರುವ ಕಡೆ ಬಿದ್ದಿದ್ದರೆ, ಕಾರಣ ಬಹುಶಃ ಮಿಕ್ಸಿಂಗ್: ವ್ಯಂಜನಗಳ ಸ್ಪಷ್ಟತೆ ಇರುವ 2ರಿಂದ 5 ಕಿಲೋಹರ್ಟ್ಸ್ ಜಾಗವನ್ನು ಗಿಟಾರ್ ಆಕ್ರಮಿಸಿದೆ. ಹಾಡಿನ ತುಂಬ ಚೆದುರಿದ್ದರೆ ಉಚ್ಚಾರಣೆಯೋ ರಿವರ್ಬ್ (ಮಾರ್ದನಿ) ಜಾಸ್ತಿಯಾದದ್ದೋ ನೋಡಿ.

ನಂತರ ಒಂದೊಂದು ಸಾಲಿಗೂ ಲಘು-ಗುರು ಹಾಕಿ ಮಾತ್ರೆ ಎಣಿಸಿ. ‘ಮಳೆಯ ಹನಿ ನೆಲದ ಎದೆ’ ಎಂಬ ಸಾಲು ಐದೈದು ಮಾತ್ರೆಯ ಎರಡು ಗಣ. ಇದನ್ನು ಐದರ ಎಣಿಕೆಯ ಖಂಡಛಾಪಿಗೋ ಹತ್ತರ ಎಣಿಕೆಯ ಝಪತಾಳಕ್ಕೋ ಕೂರಿಸಿದರೆ ಮಾತು ಸಲೀಸಾಗಿ ನಡೆಯುತ್ತದೆ. ನಾಲ್ಕರ ಎಣಿಕೆಯ ಗಿಟಾರ್ ನಡೆಗೆ ಕೂರಿಸಿದರೆ ಪ್ರತಿ ಐದನ್ನು ಎಂಟಕ್ಕೆ ತುಂಬಿಸಲು ಮೂರು ಮಾತ್ರೆ ಎಲ್ಲಿಂದಲಾದರೂ ತರಬೇಕು. ಸಾಮಾನ್ಯವಾಗಿ ಹಾಡುವವರು ಒಂದು ಹ್ರಸ್ವವನ್ನು ಎಳೆಯುತ್ತಾರೆ. ಎಳೆತ ಪದದ ಕೊನೆಯಲ್ಲಿ ಬಿದ್ದರೆ ತೊಂದರೆಯಿಲ್ಲ, ಮೊದಲಲ್ಲಿ ಬಿದ್ದರೆ ಅರ್ಥವೇ ಪಲ್ಲಟ: ‘ನಡು ಬಗ್ಗಿಸಿ’ ಹೋಗಿ ‘ನಾಡು ಬಗ್ಗಿಸಿ’, ‘ಮರದ ನೆರಳು’ ಹೋಗಿ ‘ಮಾರದ ನೆರಳು’. ಇಂಥದ್ದು ಕಂಡಾಗ ‘ಸಾಹಿತ್ಯ ರಾಗಕ್ಕೆ ಹೊಂದಿಲ್ಲ’ ಎಂದಷ್ಟೇ ಬರೆದು ಬಿಡಬೇಡಿ. ಯಾವ ಪದ, ಎಷ್ಟನೇ ಸೆಕೆಂಡ್, ಯಾವ ಅಕ್ಷರ ಎಳೆಯಿತು ಎಂದು ಬರೆಯಿರಿ. ಮಾತು ಮುಗಿಸಿ ಉಳಿದ ಮಾತ್ರೆಗಳನ್ನು ಮೌನಕ್ಕೆ ಬಿಟ್ಟ ಜಾಗ ಅದೇ ಆಲ್ಬಂನಲ್ಲಿ ಇನ್ನೊಂದು ಕಡೆ ಇದ್ದರೆ ಅದನ್ನೂ ಪಕ್ಕದಲ್ಲಿ ತೋರಿಸಿ. ಕಲಾವಿದರಿಗೆ ಹೊರಗಿನ ಉದಾಹರಣೆಗಿಂತ ತಮ್ಮದೇ ಹಾಡಿನ ಉದಾಹರಣೆ ಬೇಗ ಮುಟ್ಟುತ್ತದೆ.

ಮೂರು-ನಾಲ್ಕು ಮಾತ್ರೆಯ ನಡೆ, ಅಂದರೆ ಭಾಮಿನಿ ಷಟ್ಪದಿಯ ನಡೆ, ಮಿಶ್ರಛಾಪಿನ ಏಳಕ್ಕೆ ಸರಿಯಾಗಿ ಕೂರುತ್ತದೆ. ಗದುಗಿನ ಭಾರತ ಓದಿಸಿಕೊಂಡು ಬೆಳೆದ ಕಿವಿಗಳು ನಮ್ಮ ಕಡೆ ಇನ್ನೂ ಇವೆ, ನಾಟಕ ಕಂಪನಿಗಳ ರಂಗಗೀತೆ ಕೇಳಿದ ಕಿವಿಗಳೂ ಇವೆ. ದಾವಣಗೆರೆ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಹೊಸಬರು ಏಳರ ನಡೆ ಹಿಡಿದರೆ ಅದನ್ನು ಗುರುತಿಸಿ ಹೇಳಿ. ಎಲ್ಲ ಹಾಡೂ ನಾಲ್ಕರಲ್ಲೇ ಇದ್ದರೆ ಅದನ್ನೂ ಹೇಳಿ.

ಪ್ರಾಸದ ವಿಷಯದಲ್ಲಿ ನೋಡಬೇಕಾದ್ದು, ಪ್ರಾಸಕ್ಕಾಗಿ ತಂದ ಪದ ಯಾವುದು ಎಂಬುದು. ‘ಕಣ್ಣು’ ಬಂದ ಕೂಡಲೇ ‘ಮಣ್ಣು, ಹಣ್ಣು’, ‘ಮೌನ’ ಬಂದ ಕೂಡಲೇ ‘ಗಾನ’. ಎರಡನೇ ಸಾಲನ್ನು ಮೊದಲೇ ಊಹಿಸಬಹುದಾದರೆ ಆ ಎರಡನೇ ಸಾಲು ಕೆಲಸ ಮಾಡುತ್ತಿಲ್ಲ ಎಂದೇ ಲೆಕ್ಕ. ಹಳೆಯ ಪದ್ಧತಿಯ ಆದಿಪ್ರಾಸವನ್ನು, ಅಂದರೆ ಸಾಲಿನ ಎರಡನೇ ಅಕ್ಷರದ ಪ್ರಾಸವನ್ನು ಯಾರಾದರೂ ಬಳಸಿದ್ದರೆ ಕೇಳುಗರು ತಾವಾಗಿ ಗುರುತಿಸುವುದು ಕಡಿಮೆ, ಎತ್ತಿ ತೋರಿಸಿ.

ಮಹಾಪ್ರಾಣ ಬಿಟ್ಟು ಹಾಡಿದ್ದನ್ನು, ಆಡುಮಾತಿನಂತೆ ಹಾಡಿದ್ದನ್ನು ತಪ್ಪೆಂದು ಹಾರಿ ಬರೆಯಬೇಡಿ. ಇಡೀ ಹಾಡು ಆಡುಮಾತಿನಲ್ಲಿದ್ದು, ಹಾಡುವವರು ಮನೆಯಲ್ಲಿ ಮಾತಾಡುವ ಹಾಗೆಯೇ ‘ಬತ್ತೀನಿ, ವೋಗು’ ಎಂದು ಹಾಡಿದ್ದರೆ ಅದು ಅವರ ನೆಲೆ. ತಪ್ಪಾಗುವುದು ಒಂದೇ ಚರಣದಲ್ಲಿ ಗ್ರಾಂಥಿಕವೂ ಆಡುಮಾತೂ ಕಾರಣವಿಲ್ಲದೆ ಬೆರೆತಾಗ, ಅಥವಾ ‘ಧನ’ ಎನ್ನಬೇಕಾದಲ್ಲಿ ‘ದನ’ ಕೇಳಿಸಿ ಸಾಲಿನ ಅರ್ಥ ಬೇರೆಯಾದಾಗ.

ತಪ್ಪು ಯಾರ ಲೆಕ್ಕಕ್ಕೆ

ಸಾಹಿತ್ಯ, ರಾಗ ಸಂಯೋಜನೆ, ವಾದ್ಯ ಸಂಯೋಜನೆ, ಗಾಯನ, ಧ್ವನಿಮುದ್ರಣ, ಮಿಕ್ಸಿಂಗ್, ಮಾಸ್ಟರಿಂಗ್ (ಬೆರೆಸಿದ ಹಾಡಿಗೆ ಬಿಡುಗಡೆಗೆ ಮುಂಚೆ ಕೊನೆಯ ಹದ ಕೊಡುವುದು) ಬೇರೆ ಬೇರೆ ಕೆಲಸಗಳು. ಆಲ್ಬಂನ ವಿವರದಲ್ಲಿ ಯಾರು ಏನು ಮಾಡಿದ್ದಾರೆ ನೋಡಿ, ಇಲ್ಲದಿದ್ದರೆ ಕಲಾವಿದರನ್ನೇ ಕೇಳಿ. ಒಬ್ಬರೇ ಎಲ್ಲ ಮಾಡಿದ್ದರೂ ವಿಮರ್ಶೆಯಲ್ಲಿ ಕೆಲಸಗಳನ್ನು ಬಿಡಿಸಿ ಹೇಳಬೇಕು.

‘ಸ, ಶ, ಷ’ ಬಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತಾದರೆ ಅದು ಹೆಚ್ಚಾಗಿ ಮೈಕ್ ಆಯ್ಕೆ ಮತ್ತು 5ರಿಂದ 8 ಕಿಲೋಹರ್ಟ್ಸ್ ಭಾಗವನ್ನು ಪಳಗಿಸದ ಮಿಕ್ಸಿಂಗ್, ಗಾಯಕರನ್ನು ದೂರಬೇಡಿ. ಜಾರು, ಗಮಕ ಇರಬೇಕಾದ ಕಡೆ ದನಿ ಮೆಟ್ಟಿಲು ಹತ್ತಿದಂತೆ ತುಂಡು ತುಂಡಾಗಿ ಏರಿದರೆ ಶ್ರುತಿ ತಿದ್ದುವ ಸಾಫ್ಟ್‌ವೇರ್ ಬಿಗಿಯಾಗಿ ಕೂತಿದೆ. ಅದು ದನಿಯನ್ನು ಹನ್ನೆರಡು ಸ್ಥಿರ ಸ್ವರಗಳಿಗೆ ಎಳೆಯುತ್ತದೆ, ಎರಡು ಸ್ವರಗಳ ನಡುವಿನ ಓಡಾಟ ಸಾಯುತ್ತದೆ. ಕೆಲವರು ಬೇಕೆಂದೇ ಹೀಗೆ ಮಾಡುತ್ತಾರೆ. ಆಗ ಇಡೀ ಹಾಡಿನಲ್ಲಿ ಅದು ಒಂದೇ ಹದದಲ್ಲಿರುತ್ತದೆ. ಎರಡೇ ಸಾಲಿನಲ್ಲಿ ಇದ್ದರೆ ತೇಪೆ. ಉಸಿರಿನ ಸದ್ದು ಪೂರ್ತಿ ಕತ್ತರಿಸಿದ್ದರೆ ಹಾಡು ಉಸಿರುಗಟ್ಟಿದಂತಾಗುತ್ತದೆ, ಅದು ಎಡಿಟಿಂಗ್. ತಬಲಾ ಯಂತ್ರದಂತೆ ಕೇಳಿದರೆ ನುಡಿಸಿದವರು ಹಾಗೆ ನುಡಿಸಿದ್ದಾರೋ, ಆಮೇಲೆ ಎಳೆದು ಕಂಪ್ಯೂಟರಿನ ತಾಳದ ಗೆರೆಗಳಿಗೆ, ಅಂದರೆ ಗ್ರಿಡ್‌ಗೆ, ಕೂರಿಸಿದ್ದೋ ಎಂದು ಯೋಚಿಸಿ.

ಸದ್ದು ಒಡೆದಂತೆ ಕೇಳಿದರೆ ಬರೆಯುವ ಮೊದಲು ಇನ್ನೊಂದು ಆಪ್‌ನಲ್ಲಿ, ಇನ್ನೊಂದು ಹೆಡ್‌ಫೋನ್‌ನಲ್ಲಿ ಕೇಳಿ. ಎರಡು ಕಡೆಯೂ ಅದೇ ಸೆಕೆಂಡಿನಲ್ಲಿ ಒಡೆದರೆ ಮಾತ್ರ ಅದು ಆಲ್ಬಂನ ತೊಂದರೆ.

ಪಲ್ಲವಿ ಬೇಗ ಬರುವುದನ್ನು ಈಗ ಎಲ್ಲರೂ ದೂರುತ್ತಾರೆ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೇ ಒಂದು ಸ್ಟ್ರೀಮ್ ಎಂದು ಲೆಕ್ಕ. ಅದರ ಒತ್ತಡ ಎಲ್ಲರ ಮೇಲೂ ಇದೆ. ಹಾಗಿದ್ದೂ ಒಂದು ನಿಮಿಷ ಬರಿಯ ಕೊಳಲಿನಿಂದ ಶುರು ಮಾಡುವ ಧೈರ್ಯ ಯಾರಾದರೂ ತೋರಿದ್ದರೆ, ಆ ಒಂದು ನಿಮಿಷ ಏನು ಮಾಡಿತು ಎಂದು ಬರೆಯಿರಿ.

ವಚನ, ಜನಪದ ಬಳಸಿದ ಆಲ್ಬಂಗಳು

ನಮ್ಮ ಭಾಗದ ಹೊಸ ಆಲ್ಬಂಗಳಲ್ಲಿ ಒಂದೆರಡು ವಚನ ಇದ್ದೇ ಇರುತ್ತವೆ. ಸಿರಿಗೆರೆ, ಸಾಣೇಹಳ್ಳಿ, ಚಿತ್ರದುರ್ಗದ ಮಠಗಳ ಸುತ್ತ ಬೆಳೆದ ಕೇಳುಗರಿಗೆ ವಚನ ಬಾಯಿಪಾಠ. ಒಂದು ಪದ ಹೆಚ್ಚುಕಮ್ಮಿಯಾದರೂ ಗೊತ್ತಾಗುತ್ತದೆ. ಪಾಠವನ್ನು ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ ಜೊತೆ ತಾಳೆ ನೋಡಿ, ಒಟ್ಟು 15 ಸಂಪುಟಗಳಿವೆ. ಪಾಠಾಂತರ ಇದ್ದರೆ ಹಾಡಿದವರ ಪಾಠ ತಪ್ಪೆನ್ನಬೇಡಿ. ಅಂಕಿತ ಬಿಟ್ಟಿದ್ದರೆ ಖಂಡಿತ ಹೇಳಿ, ಅದು ವಚನಕಾರರ ರುಜು. ವಚನಕ್ಕೆ ಕಟ್ಟುನಿಟ್ಟಿನ ಮಾತ್ರಾಗಣವಿಲ್ಲ, ಮಾತಿನ ಉಸಿರಿಗೆ ತಕ್ಕ ಹಾಗೆ ಸಾಲು ಮುರಿಯುತ್ತದೆ. ತಾಳ ತುಂಬಿಸಲು ‘ಅಯ್ಯಾ’ ಪದವನ್ನು ಮೂರು ಸಲ ಸೇರಿಸಿದ್ದಾರೋ, ಪ್ರಶ್ನೆಯಾಗಿ ಮುಗಿಯಬೇಕಾದ ಸಾಲನ್ನು ಆಧಾರ ಸ್ವರವಾದ ಷಡ್ಜಕ್ಕೆ ತಂದು ಉತ್ತರದಂತೆ ಮುಗಿಸಿದ್ದಾರೋ ಗಮನಿಸಿ. ಎರಡನೆಯದು ಬಹಳ ಆಲ್ಬಂಗಳಲ್ಲಿ ಆಗುವ ತಪ್ಪು. ಪ್ರಶ್ನೆ ಪಂಚಮದಲ್ಲೋ ರಿಷಭದಲ್ಲೋ ತೂಗುತ್ತ ನಿಲ್ಲಬಹುದಿತ್ತು.

ಜನಪದ ಹಾಡಾದರೆ ಹೆಸರಿನ ಪ್ರಶ್ನೆ ಬರುತ್ತದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿಯಂಥ ಹಾಡುಗಾರ್ತಿಯರ ಬಾಯಿಂದ ಬಂದ ಹಾಡುಗಳು ಸಂಗ್ರಹವಾಗಿವೆ, ತಮ್ಮ ದೈವ ಜುಂಜಪ್ಪನ ಕಾವ್ಯವನ್ನು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿನ ಜೊತೆ ಹಾಡುವ ಕಾಡುಗೊಲ್ಲರ ಪರಂಪರೆ ಇಂದೂ ಇದೆ. ಇಂಥ ಕಡೆಯಿಂದ ಎತ್ತಿಕೊಂಡ ಹಾಡಿಗೆ ‘ಜನಪದ’ ಎಂದಷ್ಟೇ ಹಾಕಿದ್ದರೆ ಅದು ಕೊರತೆ. ಯಾರಿಂದ ಕೇಳಿದ್ದು, ಯಾವ ಊರು, ಯಾವ ಸಂಗ್ರಹ ಎಂಬುದು ಇರಬೇಕಿತ್ತು ಎಂದು ನೇರವಾಗಿ ಬರೆಯಿರಿ. ಗಣೆಯ ಸದ್ದಿನ ಬದಲು ಕೀಬೋರ್ಡಿನ ಕೊಳಲು ಹಾಕಿದ್ದರೆ ಅದನ್ನೂ ಹೇಳಿ. ನುಡಿಸುವವರು ಬಸ್ಸಿನ ದೂರದಲ್ಲೇ ಇದ್ದಾರೆ.

ಬರೆಯುವಾಗ

ಎಂಟು-ಹತ್ತು ಹಾಡಿನ ಆಲ್ಬಂಗೆ 600ರಿಂದ 800 ಪದ ಸಾಕು. ಹಾಡಿಗೊಂದು ಪ್ಯಾರಾದಂತೆ ಹೋದರೆ ಆರನೆಯದರ ಹೊತ್ತಿಗೆ ನಿಮಗೂ ಓದುಗರಿಗೂ ದಣಿವು. ಮೂರು ಹಾಡು ಆರಿಸಿ: ಆಲ್ಬಂ ಏನು ಮಾಡಲು ಹೊರಟಿದೆಯೋ ಅದು ಕೈಗೂಡಿದ್ದು ಒಂದು, ಎಡವಿದ್ದು ಒಂದು, ಮುಂದೆ ಎಲ್ಲಿಗೆ ಹೋಗಬಹುದೆಂದು ತೋರಿಸುವುದು ಒಂದು. ಉಳಿದವುಗಳಿಗೆ ಒಂದೊಂದು ಮಾತು, ಅಥವಾ ಅದೂ ಬೇಡ.

ಮೊದಲ ಪ್ಯಾರಾದಲ್ಲೇ ಹಾಡುಗಳ ಸಂಖ್ಯೆ, ಒಟ್ಟು ಅವಧಿ, ಯಾರು ಮಾಡಿದ್ದು, ಎಲ್ಲಿ ಕೇಳಲು ಸಿಗುತ್ತದೆ ಎಂಬುದು ಬಂದುಬಿಡಲಿ. ನಕ್ಷತ್ರ, ಹತ್ತಕ್ಕೆ ಇಷ್ಟು ಎಂಬ ಅಂಕ ಬೇಡ. ಅಂಕ ಇದ್ದರೆ ಜನ ಅಂಕವನ್ನಷ್ಟೇ ಓದುತ್ತಾರೆ, ಸ್ಕ್ರೀನ್‌ಶಾಟ್ ತೆಗೆದು ಅದನ್ನಷ್ಟೇ ಹಂಚುತ್ತಾರೆ, ನೀವು ಎಣಿಸಿದ ಮಾತ್ರೆಗಳೆಲ್ಲ ವ್ಯರ್ಥ.

ವಾಕ್ಯವನ್ನು ಹೀಗೆ ಪರೀಕ್ಷಿಸಿ. ‘ನಾಲ್ಕನೇ ಹಾಡು ಮನ ಮುಟ್ಟಲಿಲ್ಲ’ ಎಂದು ಬರೆದಿದ್ದೀರಿ ಅಂದುಕೊಳ್ಳಿ. ಇದನ್ನು ಬೇರೆ ಯಾವ ಆಲ್ಬಂಗೆ ಅಂಟಿಸಿದರೂ ಸಲ್ಲುತ್ತದೆ, ಹಾಗಾಗಿ ಇದು ವಿಮರ್ಶೆಯಲ್ಲ. ತಿದ್ದಿದ ರೂಪ: ‘ನಾಲ್ಕನೇ ಹಾಡಿನ ಎರಡನೇ ಚರಣ ಅಪ್ಪನ ಸಾವಿನ ಮಾತಾಡುತ್ತದೆ, ಆದರೆ 1:55ರಲ್ಲಿ ಮೊದಲ ಚರಣದ ಅದೇ ಕುಣಿಯುವ ಢೋಲಕ್ ನಡೆ ಮುಂದುವರಿಯುತ್ತದೆ. ಮಾತು ನಿಂತರೂ ನಡೆ ನಿಲ್ಲುವುದಿಲ್ಲ, ಹಾಗಾಗಿ ಸಾಲು ಬಂದದ್ದೇ ಗೊತ್ತಾಗದೆ ದಾಟಿಹೋಗುತ್ತದೆ.’ ಇದನ್ನು ಓದಿದವರು ಹೋಗಿ ಕೇಳಿ ನೋಡಬಹುದು, ಒಪ್ಪದೆಯೂ ಇರಬಹುದು. ಹೊಗಳಿಕೆಗೂ ಇದೇ ಪರೀಕ್ಷೆ. ‘ಅದ್ಭುತ ದನಿ’ ಎಂದು ಬರೆದರೆ ಯಾವ ಸ್ಥಾಯಿಯಲ್ಲಿ, ಯಾವ ಸಾಲಿನಲ್ಲಿ ಎಂದು ಮುಂದಿನ ವಾಕ್ಯ ಹೇಳಬೇಕು.

ಹಾಡು ಕಟ್ಟುವವರು ಬರೆಯುವಾಗ ಬೀಳುವ ದೊಡ್ಡ ಗುಂಡಿ ‘ನಾನಾಗಿದ್ದರೆ ಇಲ್ಲಿ ಹೀಗೆ ಮಾಡುತ್ತಿದ್ದೆ’ ಎನ್ನುವುದು. ಕರಡಿನಲ್ಲಿ ಆ ಅರ್ಥದ ವಾಕ್ಯಗಳನ್ನೆಲ್ಲ ಹುಡುಕಿ ಗೆರೆ ಎಳೆಯಿರಿ. ಪ್ರತಿಯೊಂದರ ಹಿಂದೆಯೂ ಒಂದು ಗಮನಿಕೆ ಇರುತ್ತದೆ: ‘ನಾನಾಗಿದ್ದರೆ ಇಲ್ಲಿ ಪಿಟೀಲು ಹಾಕುತ್ತಿದ್ದೆ’ ಎಂಬುದರ ಹಿಂದೆ ‘ಮೂರನೇ ಪಲ್ಲವಿ ಎರಡನೆಯದಕ್ಕಿಂತ ಬೆಳೆದಿಲ್ಲ’ ಎಂಬ ಗಮನಿಕೆ ಇದೆ. ಗಮನಿಕೆ ಇಟ್ಟುಕೊಳ್ಳಿ, ಪಿಟೀಲು ಬಿಡಿ. ಪಿಟೀಲು ನಿಮ್ಮ ಮುಂದಿನ ಹಾಡಿಗಿರಲಿ.

ಬಿಡುಗಡೆ ಹೆಚ್ಚಾಗಿ ಶುಕ್ರವಾರ ಆಗುತ್ತದೆ. ಅದೇ ದಿನ ಹಂಚಬೇಡಿ, ಐದು ಸಲ ಕೇಳಿರಲು ಸಾಧ್ಯವೇ ಇಲ್ಲ. ಏಳರಿಂದ ಹತ್ತು ದಿನ ತೆಗೆದುಕೊಳ್ಳಿ.

ಪರಿಚಯದವರ ಆಲ್ಬಂ

ಸಣ್ಣ ಊರಲ್ಲಿ ಅಪರಿಚಿತರ ಆಲ್ಬಂ ಮಾತ್ರ ಬರೆಯುತ್ತೇನೆಂದರೆ ಬರೆಯಲು ಏನೂ ಉಳಿಯುವುದಿಲ್ಲ. ಗೆರೆ ಎಲ್ಲಿ ಎಂಬುದು ಮುಖ್ಯ. ನೀವು ನುಡಿಸಿದ, ಕೋರಸ್ ಹಾಡಿದ, ದುಡ್ಡು ಹಾಕಿದ ಅಥವಾ ಬಿಡುಗಡೆಗೆ ಮುಂಚೆ ಸಲಹೆ ಕೊಟ್ಟ ಆಲ್ಬಂ ಬಗ್ಗೆ ಬರೆಯಬೇಡಿ. ನಿಮ್ಮದೇ ಆಲ್ಬಂ ಬರುವ ತಿಂಗಳಲ್ಲಿ ಇನ್ನೊಬ್ಬರದನ್ನು ಕಟುವಾಗಿ ಬರೆದರೆ ಉದ್ದೇಶ ಎಷ್ಟೇ ಚೊಕ್ಕವಾಗಿದ್ದರೂ ಯಾರೂ ನಂಬುವುದಿಲ್ಲ, ಮುಂದೂಡಿ. ಬರೀ ಪರಿಚಯವಿದ್ದರೆ ಅಥವಾ ಒಂದೇ ಸ್ಟುಡಿಯೊ ಬಳಸಿದ್ದರೆ ಮೊದಲ ಪ್ಯಾರಾದಲ್ಲಿ ಒಂದೇ ವಾಕ್ಯ: ‘ಇವರೂ ನಾನೂ ಒಂದೇ ವೇದಿಕೆಯಲ್ಲಿ ಹಾಡಿದ್ದೇವೆ, ಈ ಆಲ್ಬಂನ ಕೆಲಸದಲ್ಲಿ ನಾನಿಲ್ಲ.’ ಅಷ್ಟು ಸಾಕು. ‘ನೀನು ನನ್ನದು ಬರಿ, ನಾನು ನಿನ್ನದು ಬರಿತೀನಿ’ ಎಂಬ ಒಪ್ಪಂದಕ್ಕೆ ಮಾತ್ರ ಯಾವತ್ತೂ ಕೈ ಹಾಕಬೇಡಿ.

ಕರಡನ್ನು ಕಲಾವಿದರಿಗೆ ಮೊದಲೇ ತೋರಿಸಬಾರದು. ಆದರೆ ಹೆಸರು, ಊರು, ಯಾರು ಯಾವ ವಾದ್ಯ ನುಡಿಸಿದರು ಎಂಬುದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಕೆಲವು ತಪ್ಪುಗಳನ್ನು ವಿಮರ್ಶೆಯಲ್ಲಿ ಹೇಳುವುದಕ್ಕಿಂತ ಅವರಿಗೇ ಕೂಡಲೇ ತಿಳಿಸುವುದು ಧರ್ಮ. ಹಾಡಿನ ಶೀರ್ಷಿಕೆಯಲ್ಲಿ ಕಾಗುಣಿತ ತಪ್ಪಿದ್ದರೆ, ಬೇರೆ ಹಾಡಿನ ಸಾಹಿತ್ಯ ಅಂಟಿದ್ದರೆ, ಕೊನೆಯ ಎರಡು ಸೆಕೆಂಡ್ ಕತ್ತರಿಸಿ ಹೋಗಿದ್ದರೆ ವಿತರಕರ ಮೂಲಕ ಸರಿಪಡಿಸಲು ಇನ್ನೂ ದಾರಿ ಇರುತ್ತದೆ. ‘ನಮಸ್ಕಾರ ಅಕ್ಕ, ಮೂರನೇ ಹಾಡು 4:12ಕ್ಕೆ ತಟ್ಟನೆ ನಿಲ್ಲುತ್ತೆ, ಎರಡು ಆಪ್‌ನಲ್ಲಿ ನೋಡ್ದೆ. ಅಪ್‌ಲೋಡ್ ಆಗಿರೋ ಫೈಲ್ ಒಂದ್ಸಲ ಚೆಕ್ ಮಾಡ್ತೀರಾ?’ ಎಂದು ಕಳಿಸಿದರೆ ಸಾಕು.

ಕಾನೂನಿನ ಎರಡು ಮಾತು

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ಕೃತಿಯನ್ನು ನ್ಯಾಯಯುತವಾಗಿ ಬಳಸಲು ಅವಕಾಶ ಕೊಡುತ್ತದೆ. ಎಷ್ಟು ಸಾಲು ಎಂದು ಕಾಯ್ದೆ ಹೇಳಿಲ್ಲ. ನೀವು ಚರ್ಚಿಸುವ ಎರಡು-ಮೂರು ಸಾಲು ಕೊಟ್ಟು, ಬರೆದವರ ಹೆಸರು ಹಾಕಿ. ಇಡೀ ಸಾಹಿತ್ಯ ಹಾಕಬೇಡಿ. ವಿಡಿಯೊ ಮಾಡಿ ಹಾಡಿನ ತುಣುಕು ಸೇರಿಸಿದರೆ ಯೂಟ್ಯೂಬ್‌ನ ಗುರುತಿಸುವ ಯಂತ್ರ ನ್ಯಾಯಯುತ ಬಳಕೆಯನ್ನು ಅಳೆಯುವುದಿಲ್ಲ, ಹಕ್ಕುದಾರರ ಹೆಸರಿನಲ್ಲಿ ಕ್ಲೇಮ್ ಹಾಕಿಬಿಡಬಹುದು. ಸ್ವತಂತ್ರ ಕಲಾವಿದರಾದರೆ ಮೊದಲೇ ಲಿಖಿತ ಒಪ್ಪಿಗೆ ಪಡೆಯಿರಿ, ವಾಟ್ಸ್ಆ್ಯಪ್ ಸಂದೇಶವಾದರೂ ಇರಲಿ. ಇಲ್ಲವೇ ಸಮಯ ಹೇಳಿ, ಕೇಳುಗರೇ ಹೋಗಿ ಕೇಳಲಿ.

ಮಾನನಷ್ಟದ ಭಯದಿಂದ ಬಾಯಿ ಮುಚ್ಚಬೇಕಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ, ಸಾರ್ವಜನಿಕರ ತೀರ್ಪಿಗೆ ಒಪ್ಪಿಸಿದ ಕೃತಿಯ ಗುಣದೋಷದ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳುವುದಕ್ಕೆ ವಿನಾಯಿತಿ ಇದೆ. ವೇದಿಕೆಯ ಮೇಲೆ ಹಾಡುವ ಗಾಯಕರ ಉದಾಹರಣೆಯೇ ಅಲ್ಲಿದೆ. ಆದರೆ ಆ ರಕ್ಷಣೆ ಕೃತಿಯಲ್ಲಿ ಕಾಣುವಷ್ಟಕ್ಕೆ ಮಾತ್ರ. ಹಾಡುವವರ ನಡತೆ, ಮನೆತನ, ಜಾತಿ, ಕುಡಿತದ ಮಾತು ಎತ್ತಿದರೆ ನೀವು ಹೊರಗೆ. ‘ಟ್ಯೂನ್ ಕದ್ದಿದ್ದಾರೆ’ ಎನ್ನುವುದು ಅಭಿಪ್ರಾಯವಲ್ಲ, ಆರೋಪ. ಒಂದೇ ರಾಗವಾದ ಮಾತ್ರಕ್ಕೆ, ಒಂದೇ ನಾಲ್ಕು ಕಾರ್ಡ್ ಸುತ್ತಿದ ಮಾತ್ರಕ್ಕೆ ಕಳವು ಆಗುವುದಿಲ್ಲ. ಎರಡೂ ಹಾಡಿನ ಸ್ವರಗಳನ್ನು ಬರೆದು ಪಕ್ಕಪಕ್ಕ ಇಟ್ಟು ನೋಡಿ. ಸ್ವರವೂ ಲಯವೂ ಒಂದು ಪೂರ್ತಿ ಸಾಲು ಕೂಡಿಬಂದರೆ ‘1:04ರ ಸಾಲು ಇಂಥ ಹಾಡಿನ ಪಲ್ಲವಿಗೆ ತೀರಾ ಹತ್ತಿರ’ ಎಂದು ಬರೆದು ನಿಲ್ಲಿಸಿ.

ಕೂತು ಕೇಳುವ ಕೂಟ

ಬರಹದ ಬದಲು ಹತ್ತಿಪ್ಪತ್ತು ಜನ ಸೇರಿ ಕೇಳಿ ಮಾತಾಡುವುದೂ ಪ್ರತಿಕ್ರಿಯೆ ಹಂಚುವ ಒಳ್ಳೆಯ ದಾರಿ. ವಿದ್ಯಾನಗರ, ಪಿ.ಜೆ. ಬಡಾವಣೆಯ ಕಡೆ ಮನೆಯ ಹಾಲ್ ಸಾಕು. ಮುಖ್ಯರಸ್ತೆಗೆ ತಾಗಿದ ಕೋಣೆ ಬೇಡ. ಎರಡು ಸ್ಪೀಕರ್, ನಡುವೆ ಆರು ಅಡಿ, ಕುರ್ಚಿಗಳ ಮಧ್ಯಭಾಗ ಎರಡರಿಂದಲೂ ಅಷ್ಟೇ ದೂರ. ಸ್ಪೀಕರ್‌ನ ಮೇಲಿನ ಚಿಕ್ಕ ಕೋನ್ ಕೂತವರ ಕಿವಿಯ ಎತ್ತರಕ್ಕೆ, ಅಂದರೆ ಸುಮಾರು ಮೂರೂವರೆಯಿಂದ ನಾಲ್ಕಡಿಗೆ ಬರಲಿ. ಗೋಡೆ ಮೂಲೆಗೆ ಒತ್ತಿ ಇಡಬೇಡಿ, ಬಾಸ್ ಉಬ್ಬುತ್ತದೆ. ಬರಿಗೋಡೆಯಾದರೆ ಹಿಂದೆ ಒಂದೆರಡು ಜಮಖಾನ ತೂಗುಹಾಕಿ. ಫೋನಿನ ಮೀಟರ್ ಆಪ್‌ನಲ್ಲಿ 75 ಡೆಸಿಬೆಲ್ ಸುತ್ತಮುತ್ತ ಇರಲಿ. ಟಿಕೆಟ್ ಇಟ್ಟರೆ ಅಥವಾ ಸಾರ್ವಜನಿಕ ಸಭಾಂಗಣದಲ್ಲಿ ಮಾಡಿದರೆ ಹಕ್ಕುದಾರರ ಅನುಮತಿ ಪಡೆದೇ ನುಡಿಸಿ.

ಎಲ್ಲರಿಗೂ ಹಾಡಿನ ಕ್ರಮಸಂಖ್ಯೆ ಮಾತ್ರ ಬರೆದ ಖಾಲಿ ಹಾಳೆ ಕೊಡಿ. ನುಡಿಸುವಾಗ ಮಾತಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಆಲ್ಬಂ ಮುಗಿದ ಮೇಲೆ. ಮೊದಲೇ ತಂದಿಟ್ಟರೆ ಕುರುಕುರು ಸದ್ದಿನಲ್ಲಿ ಮೆಲು ಹಾಡು ಯಾರಿಗೂ ಕೇಳುವುದಿಲ್ಲ. ಮಾತು ಶುರುವಾದಾಗ ಚಿಕ್ಕವರಿಂದ ಆರಂಭಿಸಿ. ಊರಿನ ಹಿರಿಯ ಗಾಯಕರು ಮೊದಲು ಒಂದು ಮಾತು ಆಡಿದರೆ ಉಳಿದವರೆಲ್ಲ ‘ಹೌದು ಸರ್’ ಅನ್ನುತ್ತಾರೆ, ಕೂಟ ಅಲ್ಲಿಗೇ ಮುಗಿಯುತ್ತದೆ. ಆಲ್ಬಂ ಮಾಡಿದವರು ಬಂದಿದ್ದರೆ ಕೊನೆಯಲ್ಲಿ ಮಾತಾಡಲಿ, ನಡುವೆ ಸಮಜಾಯಿಷಿ ಬೇಡ.

ಹಂಚಿದ ಮೇಲೆ

ಕಲಾವಿದರು ಸಿಟ್ಟಿನಲ್ಲಿ ಬರೆದರೆ ಅದೇ ದಿನ ಉತ್ತರಿಸಬೇಡಿ. ಅವರ ಮಾತಿನಲ್ಲಿ ಸಂಗತಿ ತಿದ್ದುವಂಥದ್ದು ಏನಾದರೂ ಇದೆಯೇ ಮೊದಲು ನೋಡಿ: ಕೊಳಲು ಕೀಬೋರ್ಡ್ ಎಂದು ಬರೆದಿದ್ದೀರಿ, ಅದು ನಿಜವಾದ ಕೊಳಲಾಗಿತ್ತು. ಹಾಗಿದ್ದರೆ ಬರಹ ತಿದ್ದಿ, ತಿದ್ದಿದ್ದೇನು ಎಂದು ಕೊನೆಯಲ್ಲಿ ದಿನಾಂಕದ ಜೊತೆ ಹಾಕಿ. ಅಭಿಪ್ರಾಯದ ಬಗ್ಗೆ ಜಗಳವಾದರೆ ಅವರ ಉತ್ತರವನ್ನೂ ನಿಮ್ಮ ಬರಹದ ಕೆಳಗೆ ಪೂರ್ತಿ ಕೊಡಿ, ಮತ್ತೆ ಮರುಉತ್ತರ ಬರೆಯಬೇಡಿ.

ಟಿಪ್ಪಣಿಗಳನ್ನು ಬಿಸಾಡಬೇಡಿ. ಆಲ್ಬಂನ ಹೆಸರು, ಕೇಳಿದ ದಿನಾಂಕ, ಯಾವ ಆಪ್, ಯಾವ ಹೆಡ್‌ಫೋನ್ ಎಂದು ಮೇಲೆ ಬರೆದು ಒಂದು ಪುಸ್ತಕದಲ್ಲಿ ಇಡಿ. ಆರು ತಿಂಗಳ ಬಳಿಕ ಅದೇ ಹೆಡ್‌ಫೋನ್‌ನಲ್ಲಿ ಅದೇ ಆಲ್ಬಂ ಇನ್ನೊಮ್ಮೆ ಪೂರ್ತಿ ಕೇಳಿ, ಮೊದಲ ದಿನದ ಮೂರು ಸಾಲಿನ ಪಕ್ಕ ಹೊಸದಾಗಿ ಮೂರು ಸಾಲು ಬರೆಯಿರಿ. ಎರಡೂ ತೀರಾ ಬೇರೆಯಾಗಿದ್ದರೆ ಹಳೆಯ ಬರಹಕ್ಕೆ ಒಂದು ಪ್ಯಾರಾ ಸೇರಿಸಿ, ಕಲಾವಿದರಿಗೂ ಅದನ್ನು ಕಳಿಸಿ.